ಆಟಿಸಂನಲ್ಲಿ ಎಷ್ಟು ಬಗೆ? ಪದೇ ಪದೇ ಕೇಳುವ ಪ್ರಶ್ನೆಗಳು

"ರಿಪೋರ್ಟ್‌ನಲ್ಲಿ ಆಟಿಸಂ ಅಂತ ಬರೆದಿದ್ದಾರೆ, ಆದರೆ ಯಾವ ಟೈಪ್ ಅಂತ ಬರೆದೇ ಇಲ್ಲ." ತಂದೆ ತಾಯಿಯರ ಬಾಯಲ್ಲಿ ಈ ಮಾತನ್ನು ನಾನು ತುಂಬಾ ಸಲ ಕೇಳಿದ್ದೇನೆ. ಕೆಲವರ ಹಳೇ ರಿಪೋರ್ಟ್‌ನಲ್ಲಿ ಒಂದು ಹೆಸರಿದ್ದರೆ ಹೊಸದರಲ್ಲಿ ಇನ್ನೊಂದು. ಇಂಟರ್‌ನೆಟ್‌ನಲ್ಲಿ ಹುಡುಕಲು ಹೋದರೆ ಹತ್ತು ಹೆಸರು ಎದುರಾಗುತ್ತವೆ. ತಲೆ ಕೆಡುವುದು ಸಹಜ. ಈ ಹೆಸರುಗಳು ಎಲ್ಲಿಂದ ಬಂದವು, ಈಗ ಯಾವುದು ಉಳಿದಿದೆ, ನಿಮ್ಮ ಮಗುವಿನ ದಿನನಿತ್ಯಕ್ಕೆ ಯಾವುದು ಉಪಯೋಗಕ್ಕೆ ಬರುತ್ತದೆ ಅನ್ನುವುದನ್ನು ಇಲ್ಲಿ ಒಂದೊಂದಾಗಿ ಬಿಡಿಸಿ ಬರೆದಿದ್ದೇನೆ.

ಆಟಿಸಂ ಅಂದರೆ ಏನು?

ಮಿದುಳು ಬೆಳೆಯುವ ರೀತಿಯಲ್ಲೇ ಇರುವ ಒಂದು ವ್ಯತ್ಯಾಸ ಅದು. ಜನರನ್ನು, ಮಾತನ್ನು, ಸದ್ದು ಬೆಳಕನ್ನು ಆ ಮಗು ಗ್ರಹಿಸುವ ರೀತಿ ಬೇರೆ. ಇದು ಅಂಟುವುದಿಲ್ಲ, ಯಾರೋ ಸರಿಯಾಗಿ ಬೆಳೆಸದೇ ಇದ್ದದ್ದಕ್ಕೆ ಬರುವಂಥದ್ದೂ ಅಲ್ಲ.

ಡಾಕ್ಟರುಗಳು ಮುಖ್ಯವಾಗಿ ಎರಡು ವಿಷಯ ನೋಡುತ್ತಾರೆ. ಮೊದಲನೆಯದು ಬೇರೆಯವರ ಜೊತೆಗಿನ ಒಡನಾಟ: ಮಾತು ಕೊಟ್ಟು ತೆಗೆದುಕೊಳ್ಳುವುದು, ಕಣ್ಣು ಮುಖ ಕೈಸನ್ನೆಗಳ ಬಳಕೆ, ಸ್ನೇಹ ಮಾಡುವುದು, ಅದನ್ನು ಉಳಿಸಿಕೊಳ್ಳುವುದು. ಈ ಮೂರರಲ್ಲೂ ತೊಡಕು ಇರಬೇಕು. ಎರಡನೆಯದರಲ್ಲಿ ನಾಲ್ಕು ಗುಣಗಳಿವೆ: ಒಂದೇ ಚಲನೆ ಅಥವಾ ಮಾತನ್ನು ಮತ್ತೆ ಮತ್ತೆ ಮಾಡುವುದು, ಎಲ್ಲವೂ ನಿನ್ನೆಯ ಹಾಗೆಯೇ ಇರಬೇಕು ಅನ್ನುವ ಹಟ, ಒಂದೇ ವಿಷಯದ ಮೇಲೆ ತುಂಬಾ ಆಳವಾದ ಆಸಕ್ತಿ, ಸದ್ದು, ಬೆಳಕು, ಸ್ಪರ್ಶ, ವಾಸನೆಗಳಿಗೆ ವಿಪರೀತ ಅಥವಾ ತೀರಾ ಕಡಿಮೆ ಸ್ಪಂದನೆ. ಇವುಗಳಲ್ಲಿ ಎರಡಾದರೂ ಇರಬೇಕು. ಇವೆಲ್ಲ ಚಿಕ್ಕಂದಿನಿಂದಲೇ ಇರಬೇಕು, ದಿನನಿತ್ಯದ ಬದುಕಿಗೆ ತೊಂದರೆಯನ್ನೂ ಕೊಡುತ್ತಿರಬೇಕು.

ಕನ್ನಡದಲ್ಲಿ ಇದನ್ನು ಸ್ವಲೀನತೆ ಅಂತಲೂ ಬರೆಯುತ್ತಾರೆ, ತನ್ನಲ್ಲೇ ಮುಳುಗಿರುವುದು ಅನ್ನುವ ಅರ್ಥದಲ್ಲಿ. ನನಗೆ ಆ ಪದ ಅಷ್ಟಾಗಿ ಒಗ್ಗುವುದಿಲ್ಲ. ಈ ಮಕ್ಕಳಲ್ಲಿ ತುಂಬಾ ಜನಕ್ಕೆ ಬೇರೆಯವರ ಜೊತೆ ಬೇಕೇ ಬೇಕು. ಹೇಗೆ ಹೋಗಿ ಸೇರಿಕೊಳ್ಳಬೇಕು ಅನ್ನುವುದು ತಿಳಿಯದೆ ದೂರ ನಿಂತಿರುತ್ತಾರೆ.

ರಿಪೋರ್ಟ್‌ನಲ್ಲಿ 'ಆಟಿಸಂ ಸ್ಪೆಕ್ಟ್ರಮ್' ಅಂತ ಇರುತ್ತದೆ. ಸ್ಪೆಕ್ಟ್ರಮ್ ಅಂದರೆ ಕಡಿಮೆ ಆಟಿಸಂ, ಜಾಸ್ತಿ ಆಟಿಸಂ ಅಂತಲಾ?

ಹೆಚ್ಚಿನವರು ಹಾಗೇ ಅಂದುಕೊಂಡಿದ್ದಾರೆ. ಒಂದು ಉದ್ದ ಗೆರೆ, ಈ ಕಡೆ ಸ್ವಲ್ಪ, ಆ ಕಡೆ ತುಂಬಾ. ಹಾಗೆ ಯೋಚಿಸಿದರೆ ಮಗು ಅರ್ಥವಾಗುವುದಿಲ್ಲ.

ಹಾಡುಗಳನ್ನು ರೆಕಾರ್ಡ್ ಮಾಡುವ ಕಡೆ ಒಂದು ಬೋರ್ಡ್ ಇರುತ್ತದಲ್ವಾ, ಸಾಲು ಸಾಲಾಗಿ ಗುಂಡಿಗಳು? ಪ್ರತಿ ಗುಂಡಿಯನ್ನೂ ಬೇರೆ ಬೇರೆಯಾಗಿ ಏರಿಸಬಹುದು, ಇಳಿಸಬಹುದು. ಒಂದು ಗುಂಡಿ ಮಾತು, ಇನ್ನೊಂದು ಸದ್ದಿನ ಸೂಕ್ಷ್ಮತೆ. ಬದಲಾವಣೆ ತಡೆದುಕೊಳ್ಳುವುದು, ಕೈಕೆಲಸ, ಕಲಿಕೆ, ನಿದ್ದೆ, ಆತಂಕ, ಹೀಗೆ ಒಂದೊಂದಕ್ಕೂ ಒಂದೊಂದು ಗುಂಡಿ. ಒಬ್ಬ ಹುಡುಗ ಗಣಿತದಲ್ಲಿ ತರಗತಿಗೇ ಮುಂದಿರಬಹುದು, ಆದರೆ ಶರ್ಟಿನ ಕಾಲರ್ ಹಿಂದಿನ ಲೇಬಲ್ ಚುಚ್ಚುತ್ತದೆ ಅಂತ ಬಟ್ಟೆಯನ್ನೇ ಹಾಕಿಕೊಳ್ಳಲಾರ. ಇನ್ನೊಬ್ಬಳಿಗೆ ಒಂದು ಪದವೂ ಬಾಯಲ್ಲಿ ಬರುವುದಿಲ್ಲ, ಆದರೆ ಮನೆಗೆ ಬಂದವರ ಮುಖ ನೋಡಿ ಯಾರು ಬೇಜಾರಾಗಿದ್ದಾರೆ ಅಂತ ಗುರುತಿಸಿ ಅವರ ಪಕ್ಕವೇ ಹೋಗಿ ಕೂರುತ್ತಾಳೆ. ಇಬ್ಬರಲ್ಲಿ ಯಾರಿಗೆ ಆಟಿಸಂ ಜಾಸ್ತಿ? ಆ ಪ್ರಶ್ನೆಗೆ ಉತ್ತರವೇ ಇಲ್ಲ.

ಹಿಂದೆ ಬೇರೆ ಬೇರೆ ಬಗೆಗಳಿದ್ದವಂತೆ. ಅವು ಯಾವುವು?

ಇದಕ್ಕೆ ಸ್ವಲ್ಪ ಇತಿಹಾಸ ಬೇಕು. 'ಆಟಿಸಂ' ಪದವನ್ನು 1911ರ ಹೊತ್ತಿಗೆ ಬಳಕೆಗೆ ತಂದದ್ದು ಸ್ವಿಟ್ಜರ್ಲೆಂಡಿನ ಮನೋವೈದ್ಯ ಯೂಜೆನ್ ಬ್ಲಾಯ್ಲರ್. ಆದರೆ ಅವರು ಹೇಳಿದ್ದು ಸ್ಕಿಜೋಫ್ರೇನಿಯಾ ಅನ್ನುವ ಮನೋರೋಗದ ಒಂದು ಲಕ್ಷಣದ ಬಗ್ಗೆ. ಸೋವಿಯತ್ ರಷ್ಯಾದ ಮನೋವೈದ್ಯೆ ಗ್ರುನ್ಯಾ ಸುಖರೇವಾ 1920ರ ದಶಕದ ನಡುವಿನಲ್ಲೇ ಆರು ಹುಡುಗರನ್ನು ಗಮನಿಸಿ ಬರೆದಿದ್ದರು. ಇವತ್ತು ಅದನ್ನು ಓದಿದರೆ ಆಟಿಸಂ ಅಂತ ಥಟ್ಟನೆ ಗೊತ್ತಾಗುತ್ತದೆ. ಬಹಳ ಕಾಲ ಅವರ ಹೆಸರನ್ನು ಯಾರೂ ಹೇಳಲಿಲ್ಲ. 1943ರಲ್ಲಿ ಅಮೆರಿಕದಲ್ಲಿ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ 11 ಮಕ್ಕಳ ಬಗ್ಗೆ ಬರೆದರು. ಮರುವರ್ಷ ವಿಯೆನ್ನಾದಲ್ಲಿ ಮಕ್ಕಳ ವೈದ್ಯ ಹಾನ್ಸ್ ಆಸ್ಪರ್ಜರ್ ಬರೆದರು. ಕ್ಯಾನರ್ ನೋಡಿದ ಮಕ್ಕಳಲ್ಲಿ ಕೆಲವರಿಗೆ ಮಾತೇ ಇರಲಿಲ್ಲ. ಆಸ್ಪರ್ಜರ್ ನೋಡಿದ ಹುಡುಗರು ದೊಡ್ಡವರ ಹಾಗೆ ಉದ್ದುದ್ದ ಮಾತಾಡುತ್ತಿದ್ದರು. ಎರಡು ಬೇರೆ ಬೇರೆ ಸ್ಥಿತಿಗಳು ಅನ್ನುವ ಭಾವನೆ ಹುಟ್ಟಿದ್ದೇ ಇಲ್ಲಿಂದ.

1994ರಲ್ಲಿ ಬಂದ ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂ-4, ಒಂದೇ ತಲೆಬರಹದ ಕೆಳಗೆ ಐದು ಹೆಸರು ಇಟ್ಟಿತು.

ಆಟಿಸ್ಟಿಕ್ ಡಿಸಾರ್ಡರ್. 'ಕ್ಲಾಸಿಕ್ ಆಟಿಸಂ' ಅಂತ ಹೇಳುತ್ತಿದ್ದದ್ದು ಇದಕ್ಕೇ. ಮಾತು ತಡ, ಒಡನಾಟದ ತೊಡಕು, ಪುನರಾವರ್ತನೆ ಎಲ್ಲವೂ ಇರಬೇಕಿತ್ತು, ಶುರುವಾಗುವುದು ಮೂರು ವರ್ಷದ ಒಳಗೇ ಆಗಿರಬೇಕಿತ್ತು.

ಆಸ್ಪರ್ಜರ್ ಸಿಂಡ್ರೋಮ್. ಮಾತು ಸರಿಯಾದ ಸಮಯಕ್ಕೆ ಬಂದಿದೆ, ಬುದ್ಧಿಶಕ್ತಿಯಲ್ಲಿ ಹಿಂದಿಲ್ಲ, ಆದರೆ ಒಡನಾಟ ಕಷ್ಟ.

ಪಿಡಿಡಿ-ಎನ್‌ಒಎಸ್. ಬಿಡಿಸಿ ಹೇಳಿದರೆ ಪರ್ವೇಸಿವ್ ಡೆವಲಪ್‌ಮೆಂಟಲ್ ಡಿಸಾರ್ಡರ್, ನಾಟ್ ಅದರ್‌ವೈಸ್ ಸ್ಪೆಸಿಫೈಡ್. ಲಕ್ಷಣಗಳಿವೆ, ಆದರೆ ಬೇರೆ ಯಾವ ಹೆಸರಿಗೂ ಪೂರ್ತಿ ಹೊಂದುವುದಿಲ್ಲ. ಹೆಸರು ದೊಡ್ಡದು, ಹೇಳುತ್ತಿದ್ದದ್ದು ಇಷ್ಟೇ. ಎಷ್ಟೋ ಮನೆಗಳಲ್ಲಿ ಹಳೇ ಫೈಲ್ ತೆಗೆದರೆ ಇದೇ ಸಿಗುತ್ತದೆ.

ಚೈಲ್ಡ್‌ಹುಡ್ ಡಿಸ್‌ಇಂಟೆಗ್ರೇಟಿವ್ ಡಿಸಾರ್ಡರ್. ತುಂಬಾ ಅಪರೂಪ. ಕನಿಷ್ಠ ಎರಡು ವರ್ಷ ಎಲ್ಲ ಮಕ್ಕಳಂತೆ ಬೆಳೆದ ಮಗು, ಹತ್ತು ವರ್ಷದೊಳಗೆ ಮಾತು, ಆಟ, ಶೌಚದ ಅಭ್ಯಾಸ ಇವುಗಳನ್ನೆಲ್ಲ ಕಳೆದುಕೊಳ್ಳುವುದು. ಇದನ್ನು ಥಿಯೊಡೋರ್ ಹೆಲ್ಲರ್ ಗುರುತಿಸಿದ್ದು 1908ರಲ್ಲಿ, ಅಂದರೆ ಕ್ಯಾನರ್‌ಗಿಂತ 35 ವರ್ಷ ಮೊದಲೇ.

ರೆಟ್ ಸಿಂಡ್ರೋಮ್. ಹೆಚ್ಚಾಗಿ ಹೆಣ್ಣುಮಕ್ಕಳಲ್ಲಿ ಕಾಣುತ್ತದೆ. ಕೈಯಲ್ಲಿ ಹಿಡಿದು ಆಡುತ್ತಿದ್ದ ಮಗು ಆ ಬಳಕೆಯನ್ನೇ ಮರೆತು, ಕೈಗಳನ್ನು ತೊಳೆಯುವ ಹಾಗೆ ಸದಾ ಹೊಸೆಯುತ್ತಿರುತ್ತದೆ. ಇದಕ್ಕೆ ಎಂಇಸಿಪಿ2 ಅನ್ನುವ ಜೀನ್‌ನಲ್ಲಿನ ಬದಲಾವಣೆ ಕಾರಣ ಅಂತ 1999ರಲ್ಲಿ ಗೊತ್ತಾಯಿತು. ಹಾಗಾಗಿ ಈಗ ಇದನ್ನು ಬೇರೆಯಾಗಿಯೇ ನೋಡುತ್ತಾರೆ.

ಹಾಗಿದ್ದರೆ ಈಗ ಎಲ್ಲಕ್ಕೂ ಒಂದೇ ಹೆಸರು ಯಾಕೆ?

ಹೆಸರುಗಳ ನಡುವಿನ ಗೋಡೆ ನಿಲ್ಲಲಿಲ್ಲ. ಒಂದೇ ಮಗುವನ್ನು ಒಬ್ಬ ಡಾಕ್ಟರ್ ಆಸ್ಪರ್ಜರ್ ಅಂದರೆ, ಇನ್ನೊಬ್ಬರು ಪಿಡಿಡಿ-ಎನ್‌ಒಎಸ್ ಅನ್ನುತ್ತಿದ್ದರು. ನಾಲ್ಕು ವರ್ಷಕ್ಕೆ ಕ್ಲಾಸಿಕ್ ಆಟಿಸಂ ಅನಿಸಿಕೊಂಡ ಮಗು ಹತ್ತು ವರ್ಷಕ್ಕೆ ಚೆನ್ನಾಗಿ ಮಾತಾಡುತ್ತಾ ಆಸ್ಪರ್ಜರ್ ಇರುವ ಹುಡುಗನ ಹಾಗೇ ಕಾಣುತ್ತಿತ್ತು. ಬ್ರಿಟನ್ನಿನ ಲೋರ್ನಾ ವಿಂಗ್ ಮತ್ತು ಜುಡಿತ್ ಗೋಲ್ಡ್ 1979ರಲ್ಲೇ ಇದನ್ನು ಕಂಡುಕೊಂಡಿದ್ದರು. ವಿಂಗ್ ಅವರ ಮಗಳಿಗೂ ಆಟಿಸಂ ಇತ್ತು. ತಾಯಿಯ ಕಣ್ಣು, ವೈದ್ಯೆಯ ಕಣ್ಣು ಎರಡೂ ಸೇರಿದ್ದರಿಂದಲೇ ಅವರ ಬರವಣಿಗೆಯಲ್ಲಿ ಅಷ್ಟು ತಿಳಿವಳಿಕೆ ಇದೆ ಅಂತ ನನಗೆ ಅನಿಸುತ್ತದೆ.

2013ರಲ್ಲಿ ಬಂದ ಡಿಎಸ್‌ಎಂ-5, ರೆಟ್ ಸಿಂಡ್ರೋಮ್ ಬಿಟ್ಟು ಉಳಿದ ನಾಲ್ಕನ್ನೂ ಆಟಿಸಂ ಸ್ಪೆಕ್ಟ್ರಮ್ ಡಿಸಾರ್ಡರ್ ಅನ್ನುವ ಒಂದೇ ಹೆಸರಿಗೆ ತಂದಿತು. ಹಳೇ ಹೆಸರಿನಲ್ಲಿ ಸರಿಯಾಗಿ ಡಯಾಗ್ನೋಸಿಸ್ ಆಗಿರುವವರಿಗೆ ಹೊಸ ಹೆಸರು ಹಾಗೇ ಅನ್ವಯಿಸುತ್ತದೆ ಅಂತಲೂ ಅದರಲ್ಲೇ ಬರೆದಿದ್ದಾರೆ.

ಆಸ್ಪರ್ಜರ್ ಅಂತ ಹೇಳುವುದು ತಪ್ಪಾ?

ಹೊಸ ರಿಪೋರ್ಟ್‌ಗಳಲ್ಲಿ ಬರೆಯುವುದಿಲ್ಲ. ಆದರೆ ವರ್ಷಾನುಗಟ್ಟಲೆ ಆ ಹೆಸರಿನಿಂದಲೇ ತಮ್ಮನ್ನು ಅರ್ಥ ಮಾಡಿಕೊಂಡವರಿದ್ದಾರೆ. ಅವರು ಹಾಗೇ ಹೇಳಿಕೊಂಡರೆ ತಿದ್ದಲು ಹೋಗಬೇಡಿ. ಇನ್ನು ಕೆಲವರು ಆ ಹೆಸರು ಬೇಡವೇ ಬೇಡ ಅನ್ನುತ್ತಾರೆ. ಆಸ್ಪರ್ಜರ್ ನಾಜಿ ಆಡಳಿತದ ಜೊತೆ ಸಹಕರಿಸಿ, ಅಂಗವಿಕಲ ಮಕ್ಕಳನ್ನು ಕೊಲ್ಲುತ್ತಿದ್ದ ವಿಯೆನ್ನಾದ ಆಮ್ ಸ್ಪೀಗೆಲ್‌ಗ್ರುಂಡ್ ಎಂಬ ಸಂಸ್ಥೆಗೆ ಕೆಲವು ಮಕ್ಕಳನ್ನು ಕಳಿಸಿದ್ದರು ಅನ್ನುವುದನ್ನು ಇತಿಹಾಸಕಾರ ಹೆರ್ವಿಗ್ ಚೆಕ್ 2018ರಲ್ಲಿ ದಾಖಲೆ ಸಮೇತ ಬರೆದರು. ಅದನ್ನು ಓದಿದ ಮೇಲೆ ನಾನೂ ಆ ಹೆಸರು ಬಳಸುವುದನ್ನು ಬಿಟ್ಟೆ.

ಲೆವೆಲ್ 1, 2, 3 ಅಂದರೆ ಏನು?

ಡಿಎಸ್‌ಎಂ-5ರಲ್ಲಿ ಬಂದ, ಸಹಾಯ ಎಷ್ಟು ಬೇಕು ಅನ್ನುವುದರ ಅಳತೆ. ಲೆವೆಲ್ 1 ಅಂದರೆ ಸಹಾಯ ಬೇಕು, 2 ಅಂದರೆ ಸಾಕಷ್ಟು ಸಹಾಯ ಬೇಕು, 3 ಅಂದರೆ ತುಂಬಾ ಜಾಸ್ತಿ ಸಹಾಯ ಬೇಕು. ಲೆವೆಲ್ 1ರಲ್ಲೂ 'ಸಹಾಯ ಬೇಕು' ಅಂತಲೇ ಇದೆ, ಗಮನಿಸಿ. "ಲೆವೆಲ್ 1 ತಾನೇ, ಏನೂ ಇಲ್ಲ ಬಿಡಿ" ಅನ್ನುವ ಮಾತು ಎಷ್ಟೋ ಮಕ್ಕಳಿಗೆ ಸಿಗಬೇಕಾದ ಸಹಾಯವನ್ನೇ ತಪ್ಪಿಸಿದೆ.

ಇನ್ನೊಂದು ವಿಷಯ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಲೆವೆಲ್ ಅನ್ನು ಎರಡು ಕಡೆ ಬೇರೆ ಬೇರೆಯಾಗಿ ಕೊಡಬೇಕು: ಒಡನಾಟಕ್ಕೆ ಒಂದು, ಪುನರಾವರ್ತನೆಯ ನಡವಳಿಕೆಗೆ ಇನ್ನೊಂದು. ಒಂದೇ ಮಗುವಿಗೆ ಮೊದಲನೆಯದರಲ್ಲಿ 1, ಎರಡನೆಯದರಲ್ಲಿ 2 ಇರಬಹುದು. ರಿಪೋರ್ಟ್‌ನಲ್ಲಿ ಒಂದೇ ಅಂಕಿ ಇದ್ದರೆ "ಇದು ಯಾವುದಕ್ಕೆ?" ಅಂತ ಕೇಳಿ.

ಲೆವೆಲ್ ಹಣೆಬರಹವೂ ಅಲ್ಲ. ಅದು ನೋಡಿದ ದಿನದ ಚಿತ್ರ. ಮಾತು ಬೆಳೆದರೆ, ನಿದ್ದೆ ಸರಿಯಾದರೆ, ಶಾಲೆಯಲ್ಲಿ ಅರ್ಥ ಮಾಡಿಕೊಳ್ಳುವ ಟೀಚರ್ ಸಿಕ್ಕರೆ ಬೇಕಾಗುವ ಸಹಾಯ ಕಡಿಮೆಯಾಗಬಹುದು. ಮನೆ ಬದಲಾದಾಗ, ಹರೆಯ ಬಂದಾಗ ಜಾಸ್ತಿಯೂ ಆಗಬಹುದು.

ಮಾತು ಬಂದಿತ್ತು, ಆಮೇಲೆ ನಿಂತುಹೋಯಿತು. ಇದು ಬೇರೆ ಬಗೆಯಾ?

ಬೇರೆ ಹೆಸರೇನೂ ಇಲ್ಲ, ಆಟಿಸಂ ಕಾಣಿಸಿಕೊಳ್ಳುವ ಒಂದು ರೀತಿ ಇದು. ಆಟಿಸಂ ಇರುವ ಸುಮಾರು ಮೂರು ಮಕ್ಕಳಲ್ಲಿ ಒಂದಕ್ಕೆ ಹೀಗಾಗುತ್ತದೆ. ಹೆಚ್ಚಾಗಿ ಒಂದೂಕಾಲರಿಂದ ಎರಡು ವರ್ಷದ ನಡುವೆ. ಹತ್ತಾರು ಪದ ಹೇಳುತ್ತಿದ್ದ ಮಗು ನಿಧಾನವಾಗಿ ಸುಮ್ಮನಾಗುತ್ತದೆ. ಕರೆದರೆ ತಿರುಗುವುದಿಲ್ಲ. ಟಾಟಾ ಮಾಡುವುದು ನಿಲ್ಲುತ್ತದೆ. ಹಳೇ ವಿಡಿಯೋ ನೋಡುತ್ತಾ "ಆಗ ಹೇಗೆ ನಗುತ್ತಿದ್ದ ನೋಡಿ" ಅಂತ ತೋರಿಸುವ ತಾಯಿಯ ಸಂಕಟ ದೊಡ್ಡದು.

ಯಾವ ವಯಸ್ಸಿನಲ್ಲೇ ಆಗಲಿ, ಬಂದ ಮಾತು ಅಥವಾ ಕಲಿತ ಕೆಲಸ ಹೋದರೆ "ನೋಡೋಣ" ಅಂತ ಕಾಯಬೇಡಿ. ಕೂಡಲೇ ಮಕ್ಕಳ ಡಾಕ್ಟರ್ ಹತ್ತಿರ ಹೋಗಿ. ಕಿವಿ ಪರೀಕ್ಷೆ ಆಗಲೇಬೇಕು. ಫಿಟ್ಸ್, ರೆಟ್ ಸಿಂಡ್ರೋಮ್‌ನಂಥ ಕಾರಣಗಳನ್ನೂ ನೋಡಬೇಕಾಗಬಹುದು. ಮೂರು ವರ್ಷ ದಾಟಿದ ಮೇಲೆ ಹೀಗಾದರೆ ಇನ್ನೂ ಬೇಗ ತೋರಿಸಿ.

ನಮ್ಮ ಮಗ ಚೆನ್ನಾಗಿ ಮಾತಾಡುತ್ತಾನೆ. ಆದರೂ ಆಟಿಸಂ ಇರಬಹುದಾ?

ಇರಬಹುದು. ಎಷ್ಟು ಪದ ಬರುತ್ತದೆ ಅನ್ನುವುದಕ್ಕಿಂತ, ಮಾತನ್ನು ಯಾವುದಕ್ಕೆ ಬಳಸುತ್ತಾನೆ ಅನ್ನುವುದನ್ನು ನೋಡಿ.

ಮೂರೂವರೆ ವರ್ಷದ ಒಬ್ಬ ಹುಡುಗ ನನ್ನ ಹತ್ತಿರ ಬಂದು ನಿಂತು, ನನ್ನ ಮುಖ ನೋಡದೆ, "ನಿನಗೆ ನೀರು ಬೇಕಾ?" ಅಂದ. ನನಗೆ ಬೇಡಪ್ಪ ಅಂದೆ. ಮತ್ತೆ ಅದನ್ನೇ ಕೇಳಿದ, ಈ ಸಲ ಜೋರಾಗಿ. ಮೂರನೇ ಸಲ ಅಳುವುದಕ್ಕೇ ಶುರು ಮಾಡಿದ. ಅವನಿಗೆ ಬಾಯಾರಿಕೆ ಆಗಿತ್ತು. ಮನೆಯಲ್ಲಿ ಅಮ್ಮ ನೀರು ಕೊಡುವಾಗಲೆಲ್ಲ ಹೇಳುವ ಮಾತು ಅದು. ಅವನ ಪಾಲಿಗೆ ಆ ಇಡೀ ವಾಕ್ಯದ ಅರ್ಥವೇ 'ನೀರು'. ಲೋಟ ಕೈಗೆ ಕೊಟ್ಟಾಗ ಗಟಗಟ ಕುಡಿದು ನಿರಾಳವಾಗಿ ಹೋದ. ಹೀಗೆ ಕೇಳಿದ್ದನ್ನೇ ಹೇಳುವುದಕ್ಕೆ ಎಕೋಲೇಲಿಯಾ ಅಂತಾರೆ. ಮೊದಲು ಇದನ್ನು ಅರ್ಥವಿಲ್ಲದ ಗಿಳಿಪಾಠ ಅಂತ ತಳ್ಳಿಬಿಡುತ್ತಿದ್ದರು. ಎಷ್ಟೋ ಸಲ ಅದು ಮಗು ತನಗೆ ಸಿಕ್ಕ ಮಾತಿನಲ್ಲೇ ಕೇಳುತ್ತಿರುವುದು. ನಿಲ್ಲಿಸುವ ಬದಲು "ನನಗೆ ನೀರು ಬೇಕು" ಅಂತ ಅವನ ಪರವಾಗಿ ಹೇಳಿ ಲೋಟ ಕೊಡಿ. ಮತ್ತೆ ಮತ್ತೆ ಹೀಗೆ ಮಾಡಿದರೆ ಆ ವಾಕ್ಯ ಅವನದಾಗುತ್ತದೆ.

ದೊಡ್ಡ ಮಕ್ಕಳಲ್ಲಿ ಬೇರೆ ರೀತಿ ಕಾಣುತ್ತದೆ. "ತಲೆ ತಿನ್ನಬೇಡ" ಅಂದರೆ "ನಾನು ತಿಂದಿಲ್ಲ" ಅಂತ ಗಾಬರಿಯಾಗುವವರು. ರೈಲಿನ ಬಗ್ಗೆ ಅರ್ಧ ಗಂಟೆ ಹೇಳಿ, ಎದುರಿನವರಿಗೆ ಸಾಕಾಗಿದೆ ಅನ್ನುವುದು ತಿಳಿಯದವರು. ಇವರನ್ನು ಒರಟು, ಅಧಿಕಪ್ರಸಂಗಿ ಅಂತ ಬೈಯುವವರೇ ಜಾಸ್ತಿ.

ಮಾತೇ ಬಾರದ ಮಕ್ಕಳು?

ಆಟಿಸಂ ಇರುವ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಶಾಲೆಗೆ ಹೋಗುವ ವಯಸ್ಸಿನಲ್ಲೂ ಮಾತು ಇರುವುದಿಲ್ಲ, ಅಥವಾ ಕೆಲವೇ ಪದಗಳಿರುತ್ತವೆ. ಮಾತಿಲ್ಲ ಅಂದರೆ ಅರ್ಥವಾಗುವುದಿಲ್ಲ ಅಂತಲ್ಲ. ಮಗುವಿನ ಎದುರಿಗೇ "ಇವನಿಗೆ ಏನೂ ತಿಳಿಯಲ್ಲ" ಅನ್ನಬೇಡಿ, ದಯವಿಟ್ಟು.

ಚಿತ್ರದ ಕಾರ್ಡು, ಟ್ಯಾಬ್ಲೆಟ್‌ನಲ್ಲಿ ಒತ್ತಿದರೆ ಮಾತಾಡುವ ಆ್ಯಪ್, ಕೈಸನ್ನೆ ಇವೆಲ್ಲ ಅವರ ಮಾತಿನ ದಾರಿಗಳು. ಇವನ್ನು ಕೊಟ್ಟರೆ ಬಾಯಿಮಾತು ಬರುವುದೇ ಇಲ್ಲ ಅನ್ನುವ ಭಯ ತುಂಬಾ ಮನೆಗಳಲ್ಲಿದೆ. ಸಂಶೋಧನೆಗಳಲ್ಲಿ ಹಾಗೆ ಕಂಡುಬಂದಿಲ್ಲ. ಕೆಲವು ಮಕ್ಕಳಲ್ಲಿ ಮಾತು ಸ್ವಲ್ಪ ಹೆಚ್ಚಾಗಿಯೂ ಇದೆ. ಒಂದೇ ಎಚ್ಚರ: ಬೇರೆಯವರು ಮಗುವಿನ ಕೈ ಹಿಡಿದು ಅಕ್ಷರ ಒತ್ತಿಸುವ ವಿಧಾನ ಒಂದಿದೆ. ಪರೀಕ್ಷೆ ಮಾಡಿ ನೋಡಿದಾಗ ಆ ಮಾತು ಮಗುವಿನದಲ್ಲ, ಕೈ ಹಿಡಿದವರದ್ದು ಅಂತ ಮತ್ತೆ ಮತ್ತೆ ಸಾಬೀತಾಗಿದೆ.

ಹೆಣ್ಣುಮಕ್ಕಳಲ್ಲಿ ಆಟಿಸಂ ಬೇರೆ ಥರ ಇರುತ್ತದೆಯಾ?

ಲೆಕ್ಕದಲ್ಲಿ ಹುಡುಗರು ಮೂರು ನಾಲ್ಕು ಪಟ್ಟು ಜಾಸ್ತಿ. ಆದರೆ ಹುಡುಗಿಯರು ಕಣ್ಣು ತಪ್ಪುತ್ತಿದ್ದಾರೆ ಅನ್ನುವುದೂ ಈಗ ಸ್ಪಷ್ಟವಾಗುತ್ತಿದೆ. ಹುಡುಗಿಯ ಆಸಕ್ತಿ ಬೆಕ್ಕು, ಕತೆ ಪುಸ್ತಕ, ಒಬ್ಬ ಗಾಯಕಿಯ ಮೇಲಿದ್ದರೆ ಯಾರಿಗೂ ವಿಚಿತ್ರ ಅನಿಸುವುದಿಲ್ಲ. ಎಷ್ಟು ಆಳ ಅನ್ನುವುದನ್ನು ಯಾರೂ ಕೇಳುವುದಿಲ್ಲ. ಎಷ್ಟೋ ಹುಡುಗಿಯರು ಗೆಳತಿಯರನ್ನು ನೋಡಿ ನೋಡಿ ಅವರ ನಗು, ಮಾತಿನ ಧಾಟಿ, ಎಲ್ಲವನ್ನೂ ಕಲಿತು ಹಾಗೇ ನಟಿಸುತ್ತಾರೆ. ಇದಕ್ಕೆ ಮಾಸ್ಕಿಂಗ್ ಅಂತ ಹೆಸರು. ಹುಡುಗರೂ ಮಾಡುತ್ತಾರೆ, ಹುಡುಗಿಯರಲ್ಲಿ ಜಾಸ್ತಿ.

ಶಾಲೆಯಲ್ಲಿ "ತುಂಬಾ ಒಳ್ಳೆ ಹುಡುಗಿ, ತೊಂದರೆನೇ ಕೊಡಲ್ಲ" ಅನ್ನುತ್ತಾರೆ. ಮನೆಗೆ ಬಂದು ಬಾಗಿಲು ಹಾಕಿಕೊಂಡು ಒಂದು ಗಂಟೆ ಅಳುತ್ತಾಳೆ. ಎರಡೂ ನಿಜ. ಇಡೀ ದಿನ ನಟಿಸಿದ ಸುಸ್ತು ಅದು. ಇಂಥ ಹುಡುಗಿಯರಿಗೆ ಮೊದಲು ಆತಂಕ, ಖಿನ್ನತೆ ಅನ್ನುವ ಹೆಸರು ಸಿಗುತ್ತದೆ. ಆಟಿಸಂ ಅನ್ನುವುದು ಹದಿನೈದಕ್ಕೋ, ಮೂವತ್ತಕ್ಕೋ ಗೊತ್ತಾಗುತ್ತದೆ.

ಹಟ ಮಾಡುವುದಕ್ಕೂ ಮೆಲ್ಟ್‌ಡೌನ್‌ಗೂ ಏನು ವ್ಯತ್ಯಾಸ?

ಹಟದಲ್ಲಿ ಮಗುವಿಗೆ ಏನೋ ಬೇಕು, ಸಿಕ್ಕರೆ ನಿಲ್ಲುತ್ತದೆ. ಅಳುವಾಗಲೂ ಮಧ್ಯೆ ಮಧ್ಯೆ ನೀವು ನೋಡುತ್ತಿದ್ದೀರಾ ಅಂತ ನೋಡುತ್ತದೆ. ಮೆಲ್ಟ್‌ಡೌನ್‌ನಲ್ಲಿ ಮಗು ತುಂಬಿ ಉಕ್ಕಿರುತ್ತದೆ. ಟ್ಯೂಬ್‌ಲೈಟಿನ ಗುಂಯ್ ಸದ್ದು, ಜನಸಂದಣಿ, ಕೊನೇ ಗಳಿಗೆಯಲ್ಲಿ ಬದಲಾದ ಪ್ಲಾನ್, ಎಲ್ಲ ಸೇರಿ ತಡೆದುಕೊಳ್ಳಲಾಗದ ಹಂತ. ಆಗ ಕೇಳಿದ್ದು ಕೊಟ್ಟರೂ ನಿಲ್ಲುವುದಿಲ್ಲ, ಬೈದರೆ ಇನ್ನೂ ಜಾಸ್ತಿಯಾಗುತ್ತದೆ. ದೀಪ ಕಡಿಮೆ ಮಾಡಿ, ಮಾತು ಕಡಿಮೆ ಮಾಡಿ, ಪೆಟ್ಟಾಗದ ಹಾಗೆ ನೋಡಿಕೊಂಡು ಹತ್ತಿರ ಇರಿ. ಪಾಠ ಹೇಳುವ ಸಮಯ ಅದಲ್ಲ. ಕೆಲವು ಮಕ್ಕಳು ಇದೇ ಹಂತದಲ್ಲಿ ಕಿರುಚುವ ಬದಲು ಪೂರ್ತಿ ಮೌನವಾಗಿ ಮುದುಡಿ ಕೂರುತ್ತಾರೆ. ಅವರನ್ನು ಯಾರೂ ಗಮನಿಸುವುದಿಲ್ಲ.

ಕೈ ಬೀಸುವುದು, ಓಲಾಡುವುದು, ಗುನುಗುವುದು ತಮ್ಮನ್ನು ತಾವು ಸಮಾಧಾನ ಮಾಡಿಕೊಳ್ಳುವ ದಾರಿ. ಪೆಟ್ಟಾಗುವಂತಿಲ್ಲದಿದ್ದರೆ ಸುಮ್ನೆ ಬಿಟ್ಟುಬಿಡಿ.

ಆಟಿಸಂ ಜೊತೆ ಬೇರೆ ಸಮಸ್ಯೆಗಳೂ ಇರುತ್ತವಾ?

ಇರುವುದೇ ಹೆಚ್ಚು. ಎಡಿಎಚ್‌ಡಿ (ಗಮನ ನಿಲ್ಲದಿರುವುದು, ಅತಿಯಾದ ಚಟುವಟಿಕೆ), ಆತಂಕ, ನಿದ್ದೆಯ ತೊಂದರೆ, ಹೊಟ್ಟೆಯ ತೊಂದರೆ, ಫಿಟ್ಸ್, ಕಲಿಕೆಯ ಮತ್ತು ಬೌದ್ಧಿಕ ಬೆಳವಣಿಗೆಯ ಸಮಸ್ಯೆ. ಒಂದೇ ಹೆಸರಿನ ಇಬ್ಬರು ಮಕ್ಕಳು ಅಷ್ಟು ಬೇರೆ ಕಾಣುವುದಕ್ಕೆ ದೊಡ್ಡ ಕಾರಣ ಇದೇ. 2013ರ ತನಕ ಆಟಿಸಂ ಮತ್ತು ಎಡಿಎಚ್‌ಡಿ ಎರಡನ್ನೂ ಒಟ್ಟಿಗೆ ಬರೆಯುವುದಕ್ಕೆ ಡಿಎಸ್‌ಎಂ ಅವಕಾಶವನ್ನೇ ಕೊಟ್ಟಿರಲಿಲ್ಲ.

ಇನ್ನೊಂದು ಮಾತು. ಮಾತಾಡಲು ಬಾರದ ಮಗು ಇದ್ದಕ್ಕಿದ್ದಂತೆ ತಲೆ ಚಚ್ಚಿಕೊಳ್ಳುವುದು, ಕಚ್ಚುವುದು ಶುರು ಮಾಡಿದರೆ ಮೊದಲು ನೋವು ಹುಡುಕಿ. ಹಲ್ಲು, ಕಿವಿ, ಮಲಬದ್ಧತೆ. "ಆಟಿಸಂ ಅಲ್ವಾ, ಹಾಗೇ ಇರುತ್ತೆ" ಅಂತ ಬಿಟ್ಟರೆ ಹಲ್ಲುನೋವಿನಲ್ಲೇ ತಿಂಗಳು ಕಳೆಯುವ ಮಕ್ಕಳಿದ್ದಾರೆ.

ವರ್ಚುವಲ್ ಆಟಿಸಂ ಅಂತ ಕೇಳಿದೆ. ಮೊಬೈಲ್‌ನಿಂದ ಬರುತ್ತದಾ?

ಅಂಥ ಹೆಸರಿನ ಡಯಾಗ್ನೋಸಿಸ್ ಡಿಎಸ್‌ಎಂನಲ್ಲೂ ಇಲ್ಲ, ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿ ಐಸಿಡಿ-11ರಲ್ಲೂ ಇಲ್ಲ. ಪುಟ್ಟ ಮಗು ದಿನವಿಡೀ ಮೊಬೈಲ್ ನೋಡುತ್ತಿದ್ದರೆ ಜನರ ಜೊತೆ ಮಾತು, ಆಟ ಕಡಿಮೆಯಾಗುತ್ತದೆ, ಮಾತು ಹಿಂದೆ ಬೀಳಬಹುದು. ಮೊಬೈಲ್ ಕಡಿಮೆ ಮಾಡುವುದು ಒಳ್ಳೆಯದೇ. ಆದರೆ ಅದೊಂದನ್ನೇ ಮಾಡಿ ಆರು ತಿಂಗಳು ಕಾಯುವುದು ಬೇಡ. ಪರೀಕ್ಷೆಯೂ ಜೊತೆಗೇ ಆಗಲಿ. ಮೊಬೈಲ್ ಕೊಟ್ಟೆ ಅಂತ ತಾಯಿಯನ್ನು ಕಟಕಟೆಗೆ ನಿಲ್ಲಿಸುವುದಂತೂ ಬೇಡವೇ ಬೇಡ. ಈ ತಪ್ಪನ್ನು ಜಗತ್ತು ಒಮ್ಮೆ ಮಾಡಿದೆ.

ಯಾವ ತಪ್ಪು? ಆಟಿಸಂಗೆ ನಿಜವಾದ ಕಾರಣ ಏನು?

1950, 60ರ ದಶಕಗಳಲ್ಲಿ ಪ್ರೀತಿ ಕೊಡದ, ಫ್ರಿಜ್‌ನಂತೆ ತಣ್ಣಗಿರುವ ತಾಯಂದಿರಿಂದ ಆಟಿಸಂ ಬರುತ್ತದೆ ಅಂತ ಹೇಳುತ್ತಿದ್ದರು. ಅಮೆರಿಕದ ಮನೋವಿಜ್ಞಾನಿ ಬ್ರೂನೋ ಬೆಟಲ್‌ಹೈಮ್ ಇದನ್ನು ಜನಪ್ರಿಯ ಮಾಡಿದರು. ಎಷ್ಟು ತಾಯಂದಿರು ಆ ಮಾತು ನಂಬಿ ತಮ್ಮನ್ನೇ ಶಪಿಸಿಕೊಂಡಿರಬೇಕು! 1964ರಲ್ಲಿ ಇನ್ನೊಬ್ಬ ಮನೋವಿಜ್ಞಾನಿ ಬರ್ನಾರ್ಡ್ ರಿಮ್‌ಲ್ಯಾಂಡ್ ಇದನ್ನು ಬಲವಾಗಿ ಅಲ್ಲಗಳೆದರು. ಅವರ ಮಗನಿಗೂ ಆಟಿಸಂ ಇತ್ತು. 1977ರಲ್ಲಿ ಸೂಸನ್ ಫೋಲ್‌ಸ್ಟೈನ್ ಮತ್ತು ಮೈಕಲ್ ರಟರ್ 21 ಜೋಡಿ ಅವಳಿಗಳನ್ನು ನೋಡಿ, ಇದರಲ್ಲಿ ವಂಶವಾಹಿಯ ಪಾಲು ದೊಡ್ಡದು ಅಂತ ತೋರಿಸಿದರು. ಈಗ ನೂರಾರು ಜೀನ್‌ಗಳು ಇದಕ್ಕೆ ಸಂಬಂಧಪಟ್ಟಿವೆ ಅಂತ ಗೊತ್ತಾಗಿದೆ. ಮನೆಯಲ್ಲಿ ಒಂದು ಮಗುವಿಗೆ ಆಟಿಸಂ ಇದ್ದರೆ ಮುಂದಿನ ಮಗುವಿಗೂ ಇರುವ ಸಾಧ್ಯತೆ ಸುಮಾರು ಐದರಲ್ಲಿ ಒಂದು.

ಲಸಿಕೆ ಕಾರಣವಲ್ಲ. 1998ರಲ್ಲಿ ಬ್ರಿಟನ್ನಿನ ವೈದ್ಯ ಆ್ಯಂಡ್ರೂ ವೇಕ್‌ಫೀಲ್ಡ್ ಬರೀ 12 ಮಕ್ಕಳನ್ನು ಇಟ್ಟುಕೊಂಡು ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ) ಲಸಿಕೆಯ ಮೇಲೆ ಅನುಮಾನ ಹುಟ್ಟಿಸಿದರು. 2010ರಲ್ಲಿ, ಅದನ್ನು ಪ್ರಕಟಿಸಿದ್ದ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆ ಆ ಬರಹವನ್ನು ಹಿಂದಕ್ಕೆ ಪಡೆಯಿತು. ಬ್ರಿಟನ್ ಅವರ ವೈದ್ಯ ನೋಂದಣಿಯನ್ನೇ ರದ್ದು ಮಾಡಿತು. 2019ರಲ್ಲಿ ಡೆನ್ಮಾರ್ಕಿನ ಆರೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆ ನೋಡಿದಾಗಲೂ ಸಂಬಂಧ ಕಾಣಲಿಲ್ಲ. ಲಸಿಕೆ ಹಾಕುವ ವಯಸ್ಸು, ಆಟಿಸಂ ಕಣ್ಣಿಗೆ ಬೀಳುವ ವಯಸ್ಸು ಎರಡೂ ಒಂದೇ ಆಗಿರುವುದರಿಂದ ಜನಕ್ಕೆ ಹಾಗೆ ಅನಿಸುತ್ತದೆ.

ಈಗ ಮತ್ತೆ ಹೊಸ ಬಗೆಗಳನ್ನು ಕಂಡುಹಿಡಿದಿದ್ದಾರಂತೆ?

ಹೌದು, 2025ರ ಜುಲೈನಲ್ಲಿ ಸುದ್ದಿಯಾಗಿತ್ತು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ ಮತ್ತು ಸೈಮನ್ಸ್ ಫೌಂಡೇಶನ್‌ನ ಸಂಶೋಧಕರು 5,000ಕ್ಕೂ ಹೆಚ್ಚು ಮಕ್ಕಳ ಗುಣಲಕ್ಷಣಗಳನ್ನು ಕಂಪ್ಯೂಟರಿನಿಂದ ವಿಂಗಡಿಸಿದಾಗ ನಾಲ್ಕು ಗುಂಪುಗಳು ಕಂಡವು. ಮಾತು ನಡಿಗೆ ಸಮಯಕ್ಕೆ ಬಂದು, ಎಡಿಎಚ್‌ಡಿ, ಆತಂಕ ಹೆಚ್ಚಾಗಿ ಇರುವವರು ಸುಮಾರು ಶೇ. 37. ಎಲ್ಲ ಲಕ್ಷಣಗಳೂ ಸ್ವಲ್ಪ ಹಗುರವಾಗಿರುವವರು ಶೇ. 34. ಬೆಳವಣಿಗೆ ತಡವಾಗಿದ್ದರೂ ಆತಂಕ ಅಷ್ಟಾಗಿ ಇಲ್ಲದವರು ಶೇ. 19. ಎಲ್ಲ ಕಡೆಯೂ ಹೆಚ್ಚು ಕಷ್ಟ ಇರುವವರು ಶೇ. 10. ಈ ಗುಂಪುಗಳ ಜೀನ್‌ಗಳಲ್ಲೂ ವ್ಯತ್ಯಾಸ ಕಂಡಿದೆ. ನನಗಂತೂ ಇದು ತುಂಬಾ ಭರವಸೆಯ ಕೆಲಸ ಅನಿಸುತ್ತದೆ. ಆದರೆ ಇದು ಇನ್ನೂ ಡಾಕ್ಟರ್ ಟೇಬಲ್ಲಿಗೆ ಬಂದಿಲ್ಲ. "ನನ್ನ ಮಗು ಯಾವ ಗುಂಪು?" ಅಂತ ಹೇಳುವ ಟೆಸ್ಟ್ ಯಾರಾದರೂ ಮಾರಿದರೆ ದುಡ್ಡು ಕೊಡಬೇಡಿ.

'ಪ್ರೊಫೌಂಡ್ ಆಟಿಸಂ' ಅನ್ನುವ ಮಾತೂ ಕೇಳಿರಬಹುದು. 2021ರಲ್ಲಿ ಲ್ಯಾನ್ಸೆಟ್ ಕಮಿಷನ್ ಅನ್ನುವ ತಜ್ಞರ ಸಮಿತಿ ಸೂಚಿಸಿದ ಹೆಸರು. ದಿನದ 24 ಗಂಟೆಯೂ ಒಬ್ಬರು ಜೊತೆಗಿರಬೇಕಾದ, ಮಾತು ತೀರಾ ಕಡಿಮೆಯಿರುವ ಅಥವಾ ಐಕ್ಯೂ 50ಕ್ಕಿಂತ ಕಡಿಮೆಯಿರುವ, ಎಂಟು ವರ್ಷ ದಾಟಿದವರಿಗೆ. ಸಂಶೋಧನೆಗಳಲ್ಲಿ, ಸುದ್ದಿಗಳಲ್ಲಿ ಇವರೇ ಮರೆಯಾಗುತ್ತಿದ್ದಾರೆ ಅನ್ನುವುದು ಆ ಸಮಿತಿಯ ಕಳಕಳಿ. ಇದೂ ಅಧಿಕೃತ ಡಯಾಗ್ನೋಸಿಸ್ ಅಲ್ಲ.

ಆಟಿಸಂ ಇರುವವರೆಲ್ಲ ಒಂದಲ್ಲ ಒಂದರಲ್ಲಿ ಜೀನಿಯಸ್ ಅಂತಾರೆ?

ಕೆಲವರಲ್ಲಿ ಅಪರೂಪದ ಶಕ್ತಿ ಇರುತ್ತದೆ, ಹೆಚ್ಚಿನವರಲ್ಲಿ ಇರುವುದಿಲ್ಲ. ಎಲ್ಲ ಮಕ್ಕಳ ಹಾಗೆ ಇವರೂ ಏನೂ ಸಾಧಿಸದೆಯೇ ಪ್ರೀತಿಗೆ ಅರ್ಹರು.

ಗುಣವಾಗುತ್ತದಾ?

ಆಟಿಸಂ ಜೀವನಪೂರ್ತಿ ಇರುತ್ತದೆ. ಆಟಿಸಂನ ಮೂಲ ಲಕ್ಷಣಗಳಿಗೆ ಔಷಧಿ ಇಲ್ಲ. ಫಿಟ್ಸ್, ನಿದ್ದೆ, ಎಡಿಎಚ್‌ಡಿ, ವಿಪರೀತ ಸಿಡುಕು ಇಂಥವಕ್ಕೆ ಡಾಕ್ಟರ್ ಔಷಧಿ ಕೊಡಬಹುದು. ಸ್ಪೀಚ್ ಥೆರಪಿ, ದಿನನಿತ್ಯದ ಕೆಲಸಗಳನ್ನು ರೂಢಿ ಮಾಡಿಸುವ ಆಕ್ಯುಪೇಷನಲ್ ಥೆರಪಿ, ಆಟದ ಮೂಲಕ ಕಲಿಸುವುದು, ತಂದೆ ತಾಯಿಗೆ ತರಬೇತಿ ಇವು ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು. ರಿಪೋರ್ಟ್ ಬರುವ ತನಕ ಕಾಯಬೇಕಿಲ್ಲ. ದೇಹದಿಂದ ಲೋಹ ತೆಗೆಯುತ್ತೇವೆ ಅನ್ನುವ ಚೆಲೇಷನ್, ಬ್ಲೀಚ್ ಥರದ ದ್ರಾವಣ ಕುಡಿಸುವುದು ಇವು ಪ್ರಾಣಕ್ಕೇ ಅಪಾಯ. "ಮೂರು ತಿಂಗಳಲ್ಲಿ ಪೂರ್ತಿ ಗುಣ" ಅನ್ನುವವರಿಂದ ದೂರ ಇರಿ.

ಕ್ಯಾನರ್ 1943ರಲ್ಲಿ ಬರೆದ 11 ಮಕ್ಕಳಲ್ಲಿ ಮೊದಲನೆಯವನನ್ನು ತೀರಾ ಚಿಕ್ಕವನಿದ್ದಾಗ ಒಂದು ಸಂಸ್ಥೆಗೆ ಸೇರಿಸಿ, ತಂದೆ ತಾಯಿ ಮತ್ತೆ ಮನೆಗೆ ಕರೆತಂದಿದ್ದರು. ಅವನು ಮುಂದೆ ಕಾಲೇಜು ಓದಿದ, ಬ್ಯಾಂಕಿನಲ್ಲಿ ಕೆಲಸ ಮಾಡಿದ, ಕಾರು ಓಡಿಸಿದ, ಗಾಲ್ಫ್ ಆಡಿದ, ದೇಶ ಸುತ್ತಿದ. 2023ರಲ್ಲಿ 89ನೇ ವಯಸ್ಸಿನಲ್ಲಿ ತೀರಿಕೊಂಡರು. ಆಟಿಸಂ ಕೊನೆತನಕವೂ ಜೊತೆಗಿತ್ತು. ಊರಿನವರು ಅವರನ್ನು ತಮ್ಮವರಾಗಿ ನೋಡಿಕೊಂಡರು.

ರಿಪೋರ್ಟ್ ಕೈಗೆ ಬಂದಾಗ ಏನು ಕೇಳಬೇಕು?

ಯಾವ ಟೈಪ್ ಅಂತ ಕೇಳುವ ಬದಲು ಇವನ್ನು ಕೇಳಿ. ಒಡನಾಟಕ್ಕೆ ಯಾವ ಲೆವೆಲ್, ನಡವಳಿಕೆಗೆ ಯಾವ ಲೆವೆಲ್? ಮಾತು ಅರ್ಥವಾಗುವುದು ಎಷ್ಟು, ಆಡುವುದು ಎಷ್ಟು? ಬೌದ್ಧಿಕ ಬೆಳವಣಿಗೆಯಲ್ಲಿ ತೊಂದರೆ ಇದೆಯಾ, ಇಲ್ಲವಾ? ಐಸಿಡಿ-11ರ ಪ್ರಕಾರ ಬರೆಯುವವರು ಮಾತು, ಬೌದ್ಧಿಕ ಬೆಳವಣಿಗೆ ಈ ಎರಡನ್ನೂ ಹೇಳಲೇಬೇಕು. ಕಿವಿ ಪರೀಕ್ಷೆ ಆಗಿದೆಯಾ? ಜೀನ್ ಪರೀಕ್ಷೆ ಬೇಕಾ? ಜೊತೆಗೆ ಬೇರೆ ಏನಾದರೂ ಇದೆಯಾ? ಮುಂದಿನ ಮೂರು ತಿಂಗಳು ಮನೆಯಲ್ಲಿ ನಾವು ಮಾಡಬೇಕಾದ ಒಂದೆರಡು ಕೆಲಸ ಯಾವುದು? ಮತ್ತೆ ಯಾವಾಗ ನೋಡುತ್ತೀರಿ?

ಹೋಗುವಾಗ ಮನೆಯಲ್ಲಿ ತೆಗೆದ ಎರಡು ಮೂರು ಚಿಕ್ಕ ವಿಡಿಯೋ ತೆಗೆದುಕೊಂಡು ಹೋಗಿ. ಆಡುವಾಗಿನದು ಒಂದು, ಏನಾದರೂ ಬೇಕಾದಾಗ ಹೇಗೆ ಕೇಳುತ್ತದೆ ಅನ್ನುವುದು ಒಂದು, ಬೇಜಾರಾದಾಗಿನದು ಒಂದು. ಹೊಸ ಜಾಗದಲ್ಲಿ, ಹೊಸ ಮುಖಗಳ ಎದುರು ಮಗು ಬೇರೆಯೇ ಆಗಿರುತ್ತದೆ. ನಿಮ್ಮ ಕೈ ಹಿಡಿದು ಎಳೆದುಕೊಂಡು ಹೋಗಿ, ನಿಮ್ಮ ಬೆರಳನ್ನೇ ತೆಗೆದು ಸ್ವಿಚ್ ಮೇಲೆ ಇಡುವ ಆ ಹತ್ತು ಸೆಕೆಂಡು ಡಾಕ್ಟರ್ ರೂಮಿನಲ್ಲಿ ನಡೆಯದೇ ಇರಬಹುದು. ವಿಡಿಯೋದಲ್ಲಿ ಇರುತ್ತದೆ.